ಸಾಮಾ ಇಲ್ಲದ ಹೆಸರು

ಏಳು ವರ್ಷದ ಹಿಂದೆ, ಬೆಟ್ಟದೂರು ನಾರಾಸಾವಾದಲ್ಲಿ ಸೇಕಿಯ ಊಟದ ಮನೆಯ ಮುಂದೆ ಮೊದಲ ಸಲ ಬಸ್ಸು ನಿಂತಾಗ, ಗೈಡ್ ಚಿಗುಸಾಳ ಕಣ್ಣು ಹೋದದ್ದು ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ. ಬರುವ ತಂಡದ ಹೆಸರನ್ನು, ಕೊನೆಗೆ ಮರ್ಯಾದೆಯ 'ಸಾಮಾ' ಸೇರಿಸಿ, ಬಿಳಿ ಅಕ್ಷರದಲ್ಲಿ ಬರೆದು ಬಾಗಿಲಲ್ಲಿ ನಿಲ್ಲಿಸುವುದು ಆ ಕಡೆಯ ಪದ್ಧತಿ. ಜನ ತಮ್ಮ ಹೆಸರು ಓದಿಕೊಂಡು, ಒಂದು ಫೋಟೋ ಹೊಡೆಸಿಕೊಂಡು ಒಳಗೆ ಕಾಲಿಡುತ್ತಾರೆ. ಅಲ್ಲಿ ಹೆಸರು ತಪ್ಪಿದರೆ ಒಳಗಿನ ಊಟ ಎಷ್ಟೇ ರುಚಿಯಾಗಿರಲಿ, ಬಾಯಿಗೆ ಹತ್ತುವುದಿಲ್ಲ.

ಹಲಗೆಯ ಮೇಲೆ ಹೀಗಿತ್ತು: 'ಸ್ವಾಗತ. ಹಿರಾಸೆ ಸಾಮಾ ಮತ್ತು ತಂಡ.'

ಬಸ್ಸಿನಲ್ಲಿದ್ದವರು ಕುರುಮಿದಾ ಊರಿನ ಹಿರಿಯರ ಸಂಘದ ಮೂವತ್ತೆಂಟು ಜನ. ಅವರಲ್ಲಿ ಒಬ್ಬರ ಹೆಸರೂ ಹಿರಾಸೆ ಅಲ್ಲ. ಅದು ಚಿಗುಸಾಳ ಮನೆತನದ ಹೆಸರು.

"ಸಂಘ ಕಟ್ಟಿ ಇಪ್ಪತ್ತು ವರ್ಷ ಆಯ್ತು," ಎಂದರು ಅಧ್ಯಕ್ಷ ಓಗಾತಾ ತಾತ, ಕೋಲೂರಿ ನಿಂತು. "ನಾವೆಲ್ಲ ಹಿರಾಸೆ ಮನೆಯವರು ಅಂತ ಇವತ್ತೇ ಗೊತ್ತಾಗಿದ್ದು."

"ಹಾಗಾದ್ರೆ ಆಸ್ತೀಲಿ ನಮಗೂ ಪಾಲು ಬರುತ್ತಲ್ಲ ಗೈಡಮ್ಮಾ?" ಎಂದು ಹಿಂದಿನಿಂದ ಒಬ್ಬ ಅಜ್ಜಿ ಕೂಗಿದಳು.

ಚಿಗುಸಾಳ ಮುಖ ಕೆಂಪಾಯಿತು. ಅದು ಅವಳ ಕೆಲಸದ ಮೂರನೆಯ ದಿನ. ಒಳಗಿನಿಂದ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಗಂಡಸೊಬ್ಬ ಓಡಿಬಂದ. ಅವನೇ ಸೇಕಿ.

"ಫೋನಲ್ಲಿ ನೀವು ಹಿರಾಸೆ ಅಂದ್ರಲ್ಲ?"

"'ಹಿರಾಸೆ ಮಾತಾಡ್ತಿದೀನಿ' ಅಂದೆ ರೀ! ಅದು ನನ್ನ ಹೆಸರು. ತಂಡದ ಹೆಸರು ಆಮೇಲೆ ಹೇಳಿದ್ನಲ್ಲ!"

"ಆಮೇಲೆ ಹೇಳಿದ್ದು ಒಂದೂ ಕೇಳಿಸ್ಲಿಲ್ಲ."

"ಯಾಕೆ?"

ಅವನು ಕಿವಿಯ ಹಿಂದೆ ಕೆರೆದುಕೊಂಡ. ಅಲ್ಲೂ ಹಿಟ್ಟಾಯಿತು. "ಒಲೆ ಮೇಲೆ ಶಾವಿಗೆ ಕುದೀತಾ ಇತ್ತು. ಆ ಸದ್ದಿಗೆ."

ಓಗಾತಾ ತಾತನ ಮುಂದೆ ಅವನು ಸೊಂಟ ಬಗ್ಗಿಸಿ ಎಷ್ಟು ಹೊತ್ತು ನಿಂತನೆಂದರೆ, ಕೊನೆಗೆ ತಾತನೇ ಬೆನ್ನು ತಟ್ಟಿ, "ಏಳಪ್ಪಾ, ಶಾವಿಗೆ ಮುದ್ದೆ ಆಗುತ್ತೆ," ಎನ್ನಬೇಕಾಯಿತು.

ಆಮೇಲೆ ಏಳು ವರ್ಷ ಒಂದು ತಪ್ಪೂ ಆಗಲಿಲ್ಲ. ಪ್ರತಿ ಪ್ರವಾಸದ ಹಿಂದಿನ ದಿನ ಅವಳು ಫೋನ್ ಮಾಡಿ ತಂಡದ ಹೆಸರು ಹೇಳುವಳು. ಅವನು ಮೂರು ಸಲ ತಿರುಗಿ ಹೇಳುವನು. ಯಾವ ಚಿತ್ರಾಕ್ಷರ, ಅದಕ್ಕೆ ಎಷ್ಟು ಗೆರೆ, ಕೊನೆಯ 'ಸಾಮಾ' ಹೆಸರಿಗೋ ಸಂಘಕ್ಕೋ, ಎಲ್ಲವನ್ನೂ ಕೇಳುವನು. ಎರಡು ನಿಮಿಷದ ಮಾತು ಹತ್ತು ನಿಮಿಷವಾಗುತ್ತಿತ್ತು. ಅಷ್ಟುದ್ದದ ಹೆಸರು ಯಾವ ಸಂಘಕ್ಕಿದೆ ಎಂದು ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದರು.

ಮದುವೆ ಮುರಿದುಕೊಂಡು, ಮೂವತ್ತೇಳನೆಯ ವಯಸ್ಸಿನಲ್ಲಿ ಈ ಕೆಲಸಕ್ಕೆ ಸೇರಿದವಳು ಚಿಗುಸಾ. ಮೊದಲ ಚಳಿಗಾಲದಲ್ಲಿ ಹಿಮದ ದೀಪದ ಹಬ್ಬಕ್ಕೆ ತಂಡ ಕರೆತಂದು, ಒದ್ದೆ ಕಾಲಲ್ಲಿ ಅಡುಗೆಮನೆಯ ಹಿಂಬದಿಗೆ ಬಂದು ಕೂತಿದ್ದಳು. ಗೈಡಿಗೂ ಡ್ರೈವರಿಗೂ ಊಟ ಹಾಕುವುದು ಅಲ್ಲೇ. ಯಾರೂ ಏನೂ ಕೇಳಲಿಲ್ಲ. ಒಲೆಯ ಪಕ್ಕ ಒಂದು ಜೊತೆ ಒಣ ಕಾಲುಚೀಲ ಮಾತ್ರ ಇತ್ತು, ಬೆಚ್ಚಗೆ. ಮುಂದಿನ ಸಲವೂ ಇತ್ತು. ಪಾತ್ರೆಯ ತಳ ಹಿಡಿದ ಕಂದು ಅನ್ನ ಅವಳಿಗೆ ಇಷ್ಟ ಎಂದು ಅದು ಹೇಗೋ ಅವನಿಗೆ ತಿಳಿದ ಮೇಲೆ, ಸೇಕಿಯ ಮನೆಯ ಅನ್ನ ಅವಳು ಬರುವ ದಿನ ತಪ್ಪದೆ ತಳ ಹಿಡಿಯತೊಡಗಿತು.

ಇನ್ನು ಆ ಕೈಬೀಸುವಿಕೆ. ಊಟ ಮುಗಿಸಿ ಬಸ್ಸು ಹೊರಟರೆ ಮನೆಯವರೆಲ್ಲ ಸಾಲಾಗಿ ನಿಂತು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತಾರೆ. ಪ್ರವಾಸಿಗರು ಕಿಟಕಿಯಿಂದ ಒಂದೆರಡು ಸಲ ಕೈ ಆಡಿಸಿ, ಮುಂದೆ ತಿರುಗಿ ಮಿಠಾಯಿ ಪೊಟ್ಟಣ ಬಿಚ್ಚುತ್ತಾರೆ. ಗೈಡ್ ಮಾತ್ರ ಮೈಕ್ ಹಿಡಿದು, ರಸ್ತೆಗೆ ಬೆನ್ನು ಹಾಕಿ ನಿಂತಿರುತ್ತಾಳೆ. ಎಲ್ಲರ ತಲೆಯ ಮೇಲಿಂದ, ಹಿಂದಿನ ಗಾಜಿನಲ್ಲಿ ಅವಳಿಗೆ ಅವನು ಕಾಣುತ್ತಿದ್ದ. ಅವನ ಅಮ್ಮ ಒಳಗೆ ಹೋಗಿರುತ್ತಿದ್ದಳು, ಕೆಲಸದವರು ಒಳಗೆ ಹೋಗಿರುತ್ತಿದ್ದರು. ಅವನೊಬ್ಬನೇ ಇನ್ನೂ ಬೀಸುತ್ತಿದ್ದ.

ಗಿರಾಕಿಗಳಿಗೆ ಬೀಸುವ ಕೈ ಅದು, ಎಂದು ಅವಳು ಪ್ರತಿ ಸಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡು, ತಿರುವು ಬರುವವರೆಗೂ ನೋಡುತ್ತಿದ್ದಳು.

ಈ ಸೆಪ್ಟೆಂಬರಿಗೆ ಅದೂ ಮುಗಿಯುವುದಿತ್ತು. ಬೆಟ್ಟದ ಆಚೆ ಹೊಸ ಸುರಂಗ ಬಂದಿದೆ. ಬಸ್ಸುಗಳು ಇನ್ನು ನೇರವಾಗಿ ಸಮುದ್ರದ ಕಡೆಗೆ. ನಾರಾಸಾವಾದ ದಾರಿಯನ್ನು ಕಂಪನಿ ಕೈಬಿಟ್ಟಿತ್ತು. ಚಿಗುಸಾಳಿಗೆ ಸೆಂದಾಯಿ ನಗರದ ಆಫೀಸಿನಲ್ಲಿ ಕುರ್ಚಿಯ ಕೆಲಸ. ಒಪ್ಪಿಗೆಯ ಕಾಗದಕ್ಕೆ, ಕೊನೆಯ ಪ್ರವಾಸದ ಮರುದಿನ ಬೆಳಿಗ್ಗೆ, ಸಹಿಯ ಬದಲು ತನ್ನ ಹೆಸರಿನ ಮುದ್ರೆ ಒತ್ತಿ ಕೊಡಬೇಕು. ಕಾಗದವೂ ಮುದ್ರೆಯೂ ಅವಳ ಚೀಲದಲ್ಲೇ ಇದ್ದವು.

ಕೊನೆಯ ಪ್ರವಾಸಕ್ಕೆ ಬಂದವರು ಅದೇ ಕುರುಮಿದಾ ಹಿರಿಯರ ಸಂಘದವರು. ಏಳು ವರ್ಷದಲ್ಲಿ ಮೂವತ್ತೆಂಟು ಜನ ಮೂವತ್ತೆರಡಾಗಿದ್ದರು.

ಹಿಂದಿನ ದಿನ ಫೋನಿನಲ್ಲಿ ಅವಳು ಹೇಳಿದ್ದಳು, "ಇದೇ ಕೊನೇದು ಸೇಕಿಯವರೇ."

ಆ ಕಡೆ ಕಾಗದದ ಮೇಲೆ ಏನೋ ಗೀಚಿದ ಸದ್ದು. ಆಮೇಲೆ, "ಸರಿ. ಮೂವತ್ತೆರಡು ಜನ ಅಲ್ವಾ?"

"ಮೂವತ್ತೆರಡು."

ಅಷ್ಟೇ. ಹೆಸರನ್ನು ಎರಡನೆಯ ಸಲವೂ ಕೇಳಲಿಲ್ಲ. ಫೋನ್ ಇಟ್ಟ ಮೇಲೆ ಅವಳು ಆ ಬೂದು ಯಂತ್ರವನ್ನೇ ನೋಡುತ್ತ ಕೂತಳು. ಏನು ಹೇಳಬಹುದೆಂದು ಕಾದೆ, ಇವನು ಜನ ಎಷ್ಟು ಅಂತ ಕೇಳಿದ!

ನಾರಾಸಾವಾದಲ್ಲಿ ಆ ದಿನ ಬೆದರುಗೊಂಬೆಗಳ ಹಬ್ಬ. ಕೊಯ್ಲಿಗೆ ಬಂದ ಗದ್ದೆಗಳ ಬದುವಿನುದ್ದಕ್ಕೂ ಊರವರು ಮಾಡಿ ನಿಲ್ಲಿಸಿದ ಗೊಂಬೆಗಳು: ಸೈಕಲ್ಲಿನ ಮೇಲೆ ಅಂಚೆಯವನು, ಮೂಗು ಸೋರುವ ಮದುಮಗ, ತೂಕಡಿಸುವ ಮೇಷ್ಟ್ರು. ಬಂದವರು ತಮಗೆ ಮೆಚ್ಚಿಗೆಯಾದ ಗೊಂಬೆಯ ಬುಟ್ಟಿಗೆ ಒಂದು ಹುಣಸೆಬೀಜದಷ್ಟು ದಪ್ಪದ ಕೆಂಪು ಕಾಳು ಹಾಕುತ್ತಾರೆ. ಹೆಚ್ಚು ಕಾಳು ಬಿದ್ದ ಗೊಂಬೆಗೆ ಒಂದು ಮೂಟೆ ಹೊಸ ಅಕ್ಕಿ.

"ಗೈಡಮ್ಮಾ, ಇಲ್ಲಿ ಬನ್ನಿ! ನಿಮ್ಮ ತಂಗಿ ನಿಂತಿದಾಳೆ!" ಓಗಾತಾ ತಾತ ಕೋಲೆತ್ತಿ ಕರೆದರು.

ನೀಲಿ ಟೋಪಿ, ಬಿಳಿ ಕೈಗವಸು, ಕೈಯಲ್ಲಿ ಚಿಕ್ಕ ಹಳದಿ ಬಾವುಟ. ತನ್ನನ್ನೇ ನೋಡಿದಂತಾಗಿ ಚಿಗುಸಾ ಬಾಯಿಗೆ ಕೈ ಅಡ್ಡ ಹಿಡಿದಳು. ಪಕ್ಕದಲ್ಲಿ ಸೇಕಿಯ ತಾಯಿ ಉಮೆಯಮ್ಮ ಹೆಮ್ಮೆಯಿಂದ ನಿಂತಿದ್ದಳು.

"ಹೇಗಿದೆ? ನಿನ್ನಷ್ಟು ಬಡಕಲು ಮಾಡೋಕೆ ಆಗ್ಲಿಲ್ಲ ಕಣೇ. ಹುಲ್ಲು ಜಾಸ್ತಿ ಆಯ್ತು."

"ಇದಕ್ಕೆ ಬಾಯೇ ಇಲ್ವಲ್ಲ ಅಮ್ಮಾ?"

"ಕುಂಚ ಇರೋದು ನನ್ನ ಮಗನ ಹತ್ರ. ಬರಿಯೋ ಅಂದ್ರೆ, ಆಮೇಲೆ ಅಂತಾನೆ. ಬೇರೆಯವರ ಬಾಯಿ ಹಾಗಿರ್ಲಿ, ತನ್ನ ಬಾಯಿ ಎಲ್ಲಿದೆ ಅಂತಾನೇ ಅವನಿಗೆ ಗೊತ್ತಿಲ್ಲ. ಐವತ್ತು ತುಂಬ್ತು!"

ಅಜ್ಜಿಯರೆಲ್ಲ ನಕ್ಕರು. ಚಿಗುಸಾಳೂ ನಕ್ಕಳು. ನಕ್ಕು, ಗೊಂಬೆಯ ಟೋಪಿ ನೇರ ಮಾಡಿದಳು.

ಊಟದ ಮನೆಯ ಬಾಗಿಲಲ್ಲಿ ಹಲಗೆ ಇತ್ತು. 'ಸ್ವಾಗತ. ಕುರುಮಿದಾ ಹಿರಿಯರ ಸಂಘ ಸಾಮಾ.' ಒಂದು ಗೆರೆಯೂ ತಪ್ಪಿಲ್ಲ. ಸಂಘದವರು ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು. ಈ ಸಲವಾದರೂ ಒಂದು ತಪ್ಪು ಇರಬಾರದಿತ್ತೇ ಅನ್ನಿಸಿತು ಅವಳಿಗೆ.

ಹಿಂಬದಿಯ ಅಡುಗೆಮನೆಯಲ್ಲಿ ಅವಳ ಮಣೆಯಿತ್ತು, ತಳ ಹಿಡಿದ ಅನ್ನವಿತ್ತು, ಕೆಸುವಿನ ಗೆಡ್ಡೆಯ ಬಿಸಿ ಸಾರಿತ್ತು. ಸೇಕಿ ಇರಲಿಲ್ಲ.

"ಎಲ್ಲಿ ಹೋದ್ರು?" ಎಂದಳು, ಯಾರನ್ನೂ ಕೇಳದವಳಂತೆ.

ಡ್ರೈವರ್ ಮುರೋಯಿ ಸಾರು ಹೀರುತ್ತ ತಲೆ ಎತ್ತಲಿಲ್ಲ. ಅರವತ್ತು ದಾಟಿದವನು, ಇಷ್ಟು ವರ್ಷ ಅವಳ ಬೆನ್ನ ಹಿಂದೆ ಬಸ್ಸು ಓಡಿಸಿದವನು. "ಸೌದೆ ಮನೇಲಿ ಏನೋ ಹಲಗೆ ಕುಯ್ಯೋ ಸದ್ದು. ಊಟ ಮಾಡಮ್ಮ, ಆರಿ ಹೋಗುತ್ತೆ."

ಅವಳು ತಿಂದಳು. ಏಳು ವರ್ಷ ಇಲ್ಲಿ ಕಾಲು ಬೆಚ್ಚಗಾಗಿದೆ, ಹೊಟ್ಟೆ ತುಂಬಿದೆ. ಇಷ್ಟು ಕೊಟ್ಟವರಿಂದ ಇನ್ನೂ ಬೇಕು ಅನ್ನುವುದು ತನ್ನದೇ ಅತಿಯಾಸೆ ಎಂದುಕೊಂಡಳು. ಬಟ್ಟಲು ತೊಳೆದಿಟ್ಟು, ಯಾರೂ ಇಲ್ಲದ ಒಲೆಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು.

ಹೊರಡುವ ಹೊತ್ತು. ಮನೆಯವರು ಸಾಲಾಗಿ ನಿಂತರು. ಸೇಕಿ ಕೊನೆಗೆ ಓಡಿಬಂದು ಸೇರಿಕೊಂಡ. ಎರಡು ಕೈಯೂ ಬೆನ್ನ ಹಿಂದೆ. ಕಿವಿಗೆ ಬಣ್ಣ ಮೆತ್ತಿತ್ತು.

"ಬಹಳ ಉಪಕಾರ ಆಯ್ತು," ಎಂದಳು ಚಿಗುಸಾ.

"ನಮ್ಮಿಂದೇನು," ಎಂದ ಸೇಕಿ.

ಅವಳು ಬಸ್ಸು ಹತ್ತಿದಳು. ಬಾಗಿಲು ಮುಚ್ಚಿತು. ರಸ್ತೆಗೆ ಬೆನ್ನು ಹಾಕಿ, ಮೈಕ್ ಹಿಡಿದು, ಬಾಯಿಪಾಠದ ಮಾತು ಶುರು ಮಾಡಿದಳು. "ಈಗ ನಾವು ನಾರಾಸಾವಾಕ್ಕೆ ವಿದಾಯ ಹೇಳ್ತಾ ಇದ್ದೀವಿ. ಎಡಗಡೆ ಕಾಣೋ ಬೆಟ್ಟಕ್ಕೆ..."

ಹಿಂದಿನ ಗಾಜಿನಲ್ಲಿ ಎಲ್ಲರೂ ಕೈ ಬೀಸುತ್ತಿದ್ದರು. ಅವನೊಬ್ಬ ಬೀಸುತ್ತಿರಲಿಲ್ಲ. ರಸ್ತೆಯ ನಡುವಿಗೆ ಬಂದು, ಬೆನ್ನ ಹಿಂದಿನಿಂದ ಒಂದು ಚಿಕ್ಕ ಹಲಗೆ ತೆಗೆದು ಎದೆಯ ಮುಂದೆ ಹಿಡಿದ.

ಹೊಸ ಮರ. ಇನ್ನೂ ಆರದ ಅಕ್ಷರ. ಒಂದೇ ಹೆಸರು.

'ಚಿಗುಸಾ.'

"ಬೆಟ್ಟಕ್ಕೆ?" ಎಂದರು ಮುಂದಿನ ಸೀಟಿನ ಓಗಾತಾ ತಾತ. "ಬೆಟ್ಟಕ್ಕೆ ಏನಾಯ್ತು ಗೈಡಮ್ಮ?"

ಅವಳ ದೃಷ್ಟಿ ಹಿಡಿದು ತಾತ ಹಿಂದೆ ತಿರುಗಿದರು. ತಾತನನ್ನು ನೋಡಿ ಅಜ್ಜಿಯರು ತಿರುಗಿದರು. ಬಸ್ಸು ತಾನಾಗಿ ನಿಂತಿತು. ಮುರೋಯಿ ಕನ್ನಡಿ ನೋಡುತ್ತ, "ಹೋಗಮ್ಮ," ಎಂದು ಬಾಗಿಲು ತೆಗೆದ. "ಬ್ರೇಕ್ ಯಾಕೋ ಸ್ವಲ್ಪ ನೋಡ್ಬೇಕು."

ಚಿಗುಸಾ ಇಳಿದು ನಡೆದಳು. ಓಡಬಾರದು ಎಂದುಕೊಂಡಳು; ಅರ್ಧ ದಾರಿಯಿಂದ ಓಡಿದಳು. ಎದುರಿಗೆ ನಿಂತಾಗ ಬಾಯಿಗೆ ಬಂದದ್ದು ಕೆಲಸದ ಮಾತೇ.

"ತಪ್ಪಿದೆ. ಹೆಸರಿನ ಕೊನೆಗೆ ಸಾಮಾ ಬಿಟ್ಟಿದೀರಿ."

"ತಪ್ಪಿಲ್ಲ." ಅವನು ಹಲಗೆಯನ್ನು ಇನ್ನಷ್ಟು ಎತ್ತಿ ಹಿಡಿದ. "ಸಾಮಾ ಹಾಕೋದು ಬಂದು ಹೋಗೋರಿಗೆ. ಮನೆಯವರಿಗೆ ಯಾರು ಹಾಕ್ತಾರೆ?"

ಅವಳು ಹಲಗೆಯನ್ನು ಇನ್ನೊಮ್ಮೆ ಓದಿದಳು.

"ಇದು ಬಾಗಿಲಲ್ಲಿ ನಿಲ್ಸೋ ಹಲಗೆ ಅಲ್ಲ," ಎಂದ. "ಗೇಟಿಗೆ ಹಾಕೋದು. ನನ್ನ ಹೆಸರು, ಅಮ್ಮನ ಹೆಸರು ಇದ್ಯಲ್ಲ, ಅದರ ಕೆಳಗೆ. ನೀವು ಒಪ್ಪಿದ್ರೆ. ಒಪ್ಪದಿದ್ರೆ, ಸೌದೆ ಒಲೆ ಇದೆ."

"ಏಳು ವರ್ಷ ಏನು ಮಾಡ್ತಿದ್ರಿ?"

"ನೀವು ಗಿರಾಕಿ ಕರ್ಕೊಂಡು ಬರೋರು. ನಾನು ಬಾಯಿ ಬಿಟ್ಟಿದ್ರೆ ವ್ಯಾಪಾರಕ್ಕೋಸ್ಕರ ಹೇಳ್ತಿದಾನೆ ಅಂದ್ಕೋತಿದ್ರಿ. ಬೇಡ ಅನ್ನೋಕೂ ನಿಮಗೆ ಕಷ್ಟ ಆಗ್ತಿತ್ತು. ಇವತ್ತಿಗೆ ಬಸ್ಸು ನಿಂತೋಯ್ತಲ್ಲ. ಇನ್ನು ಹೇಳ್ಬಹುದು."

"ಒಂದು ಸೂಚನೆಯಾದ್ರೂ ಕೊಡಬಾರದಿತ್ತಾ?"

"ಪ್ರತಿ ಸಲ ಕೈ ಬೀಸಿದ್ನಲ್ಲ!"

"ಅದು ಪ್ರವಾಸಿಗಳಿಗೆ!"

"ಪ್ರವಾಸಿಗಳು ಮುಂದೆ ನೋಡ್ಕೊಂಡು ಕೂತಿರ್ತಾರೆ," ಎಂದ ಸೇಕಿ. "ಹಿಂದೆ ನೋಡ್ಕೊಂಡು ನಿಂತಿರೋರು ಯಾರು?"

ಚಿಗುಸಾಳ ಕಣ್ಣು ತುಂಬಿತು. ಬಿಳಿ ಕೈಗವಸಿನಲ್ಲಿ ಒರೆಸಿಕೊಂಡಳು.

"ಇನ್ನೊಂದು," ಎಂದ ಅವನು, ನೆಲ ನೋಡುತ್ತ. "ಆವತ್ತು ಮೊದಲನೇ ದಿನ ಫೋನ್ ಬಂದಾಗ, ಒಲೆ ಮೇಲೆ ಏನೂ ಕುದೀತಿರ್ಲಿಲ್ಲ."

ಅವಳಿಗೆ ನಗು ಬಂತು. ಅಳುವಿನ ನಡುವೆಯೇ, ಮೂಗೊರೆಸಿಕೊಳ್ಳುತ್ತ, ಬಿಕ್ಕಿ ಬಿಕ್ಕಿ ನಕ್ಕಳು. ಆಮೇಲೆ ಕೈಗವಸು ಕಳಚಿ, ಹಲಗೆಯ ಮೇಲೆ ಅವನ ಬೆರಳಿದ್ದ ಕಡೆ ತನ್ನ ಬೆರಳಿಟ್ಟಳು. ಬಣ್ಣ ಅಂಟಿತು.

"ಗೇಟಿಗೆ ಗಟ್ಟಿಯಾಗಿ ಹೊಡೀರಿ," ಎಂದಳು. "ಎರಡು ಮೊಳೆ ಸಾಕಾಗಲ್ಲ. ನಾಲ್ಕು ಹಾಕಿ."

"ಬಾಯಿ ಬಂತಲ್ಲಪ್ಪಾ, ಐವತ್ತು ವರ್ಷಕ್ಕೆ!" ಬಾಗಿಲಿಂದ ಉಮೆಯಮ್ಮ ಕೂಗಿದಳು. "ಈಗ್ಲಾದ್ರೂ ಹೋಗಿ ಆ ಗೊಂಬೆಗೊಂದು ಬರಿಯೋ!"

"ಇವರನ್ನೆಲ್ಲ ಮನೆ ಮುಟ್ಟಿಸ್ಬೇಕು," ಎಂದಳು ಚಿಗುಸಾ. "ಕೆಲಸ ಕೆಲಸವೇ. ನಾಳೆ ಆಫೀಸಿಗೆ ಹೋಗಿ, ಮುದ್ರೆ ಒತ್ತಲ್ಲ ಅಂತ ಹೇಳಿ, ಆಮೇಲೆ..."

"ಆಮೇಲೆ?"

"ಮಧ್ಯಾಹ್ನದ ಊಟಕ್ಕೆ ಬರ್ತೀನಿ. ಒಬ್ಬಳೇ. ಅನ್ನ ತಳ ಹಿಡಿಸಿ."

ಅವಳು ಬಸ್ಸು ಹತ್ತಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ತಮ್ಮ ಸೀಟಿನಲ್ಲೇ ಇರಲಿಲ್ಲ. ಮೂವತ್ತೆರಡು ಜನ ಹಿಂದಿನ ಗಾಜಿಗೆ ಮುಖ ಒತ್ತಿಕೊಂಡಿದ್ದರು.

"ದಯವಿಟ್ಟು ಕೂತ್ಕೊಳ್ಳಿ," ಎಂದಳು ಮೈಕಿನಲ್ಲಿ.

"ಕೂತ್ಕೋತೀವಿ," ಎಂದರು ಓಗಾತಾ ತಾತ. "ಆದ್ರೆ ಹಿಂದೆ ತಿರುಗಿ. ಹಿರಾಸೆ ಮನೆಯವರು ನಾವು, ಹುಡುಗಿ ಕಡೆಯವರು. ಕೈ ಬೀಸದೆ ಹೊರಟ್ರೆ ಮರ್ಯಾದೆ ಇರುತ್ತಾ?"

ಬಸ್ಸು ನಿಧಾನವಾಗಿ ಹೊರಟಿತು. ಚಿಗುಸಾ ಬಾಯಿಪಾಠದ ಧನ್ಯವಾದವನ್ನು ನೆನಪಿಸಿಕೊಳ್ಳಲು ನೋಡಿದಳು. ಸಾವಿರ ಸಲ ಹೇಳಿದ್ದು. ಒಂದು ಪದವೂ ಬರಲಿಲ್ಲ.

"ನಿಮ್ಮೆಲ್ಲರಿಂದ ಆಯ್ತು," ಎಂದಳು ಕೊನೆಗೆ. "ನೀವು ಬಂದಿದ್ರಿಂದ ನಾನು ಬಂದೆ. ಬಹಳ ಉಪಕಾರ."

ತಿರುವು ಬರುವವರೆಗೂ ಆ ಬಸ್ಸಿನಲ್ಲಿ ಮುಂದೆ ನೋಡುತ್ತಿದ್ದವನು ಮುರೋಯಿ ಒಬ್ಬನೇ. ಅವನೂ, ಆಮೇಲೆ ಅವನೇ ಹೇಳಿದಂತೆ, ಪೂರ್ತಿಯಾಗಿ ಅಲ್ಲ.