ದೇವರಗುಂಡಿಯ ಮೀನು ಕೊಂದವರು

"ನೀರು ಮುಟ್ಟಬೇಡ ಗುತ್ಯಮ್ಮ, ನೀರು ಮುಟ್ಟಬೇಡ."

ಕೊಡ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಗುತ್ಯಮ್ಮ ಗಕ್ಕನೆ ನಿಂತಳು. ಗುಡಿಯ ಜಗಲಿಯಿಂದ ಕೂಗಿದವರು ಅರ್ಚಕ ವಿಘ್ನೇಶ್ವರ ಭಟ್ಟರು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಹೊಳೆಯ ಮೇಲೆ ಮಂಜು ಕವಿದಿತ್ತು. ಯಾಕೆ ಅಂತ ಕೇಳುವಷ್ಟರಲ್ಲಿ ಮಂಜು ಸರಿಯಿತು. ಗುಡಿಯ ಮುಂದಿನ ಹೊಳೆಯ ಮಡು, ದೇವರಗುಂಡಿಯ ತುಂಬ ಮೀನು — ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಜ್ಜಂದಿರ ಕಾಲದಿಂದ ಯಾರೂ ಗಾಳ ಹಾಕದ, ಪೋಲಿ ಹುಡುಗರೂ ಕಲ್ಲೆಸೆಯದ ದೇವರ ಮೀನು. ಗುತ್ಯಮ್ಮ ಕೊಡವನ್ನು ಅಲ್ಲೇ ಬಿಟ್ಟು ಕೇರಿಗೆ ಓಡಿದಳು.

ಹಿಂದಿನ ದಿನ ಹೋಳಿ ಹುಣ್ಣಿಮೆಯ ಗ್ರಹಣ. ಗುಡಿಯ ಬಾಗಿಲು ಮುಚ್ಚಿತ್ತು. ಹೊಳೆಯ ಕಡೆ ನರಪಿಳ್ಳೆಯೂ ಸುಳಿದಿರಲಿಲ್ಲ.

ಸುದ್ದಿ ಕೇಳಿ ಸಾಗರದಿಂದ ಹೊಸನಗರ ದಾಟಿ ಆ ಊರಿಗೆ ಬಂದವಳು ವಕೀಲೆ ಸುಪ್ರಿಯಾ. ಸಾಗರದ ಅಂಗಡಿಯೊಂದರ ಮೇಲಿನ ಒಂದೇ ಕೋಣೆಯಲ್ಲಿ ನಡೆಯುವ ನೆಲಜಲ ಕಾನೂನು ಬಳಗ ಅವಳದು. ಹೊಳೆ, ಗುಡ್ಡ, ಕಾಡು — ಬಾಯಿಲ್ಲದವುಗಳ ಪರ ವಾದಿಸುವ ಕಚೇರಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ಅಂತ ಕೋರ್ಟಿನ ಆವರಣದಲ್ಲಿ ನಗುವವರೇ ಹೆಚ್ಚು.

ನಗಲಿ ಬಿಡಿ. ಗುಂಡಿಗಿಂತ ಮೇಲೆ ಒಂದು ರಬ್ಬರ್ ಕಾರ್ಖಾನೆ ಇದೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕುವಾಗ ಅದು ತನ್ನ ಆಸಿಡ್ ನೀರನ್ನು ಪೈಪಿನಿಂದ ಹೊಳೆಗೆ ಬಿಡುತ್ತದೆ. ಗುತ್ಯಮ್ಮನ ಕೇರಿ ಅದನ್ನೇ ಕುಡಿಯುತ್ತದೆ, ಮಕ್ಕಳು ಮೈಯೆಲ್ಲ ತುರಿಸಿಕೊಂಡು ಅಳುತ್ತವೆ. ಅಧಿಕಾರಿಗಳು ನೋಡಲು ಬರುವುದು ಮಾತ್ರ ಬೇಸಿಗೆಯಲ್ಲಿ, ಪೈಪು ಒಣಗಿ ನೀರು ತಿಳಿಯಾದ ಮೇಲೆ. ಆ ಪೈಪು ಮುಚ್ಚಿಸಲು ಸುಪ್ರಿಯಾ ನಡೆಸುತ್ತಿದ್ದ ಕೇಸಿನ ಹೋದ ವಿಚಾರಣೆಯಲ್ಲಿ ಕಾರ್ಖಾನೆಯ ವಕೀಲ ಎದ್ದು ನಿಂತು, "ಒಂದಾದರೂ ಮೀನು ಸತ್ತಿದೆಯೇ ಸ್ವಾಮಿ?" ಎಂದು ಕೇಳಿದ್ದ. ಅರ್ಜಿ ಹಾಕಿದ್ದ ಭಟ್ಟರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಈಗ ಸತ್ತಿದ್ದವು. ಪಶುವೈದ್ಯೆ ದೀಪ್ತಿ ಪರೀಕ್ಷೆ ಮಾಡಿಸಿ, ಇದು ಮೈಲುತುತ್ತದ ವಿಷ ಎಂದಳು. ರಬ್ಬರ್ ಮರಕ್ಕೆ ಹೊಡೆಯುವುದೂ ಅದನ್ನೇ. ಮೀನು ಕೊಂದದ್ದು ಕಾರ್ಖಾನೆ ಎಂದು ಸುಪ್ರಿಯಾ ನ್ಯಾಯಾಲಯಕ್ಕೆ ಪ್ರಮಾಣಪತ್ರ ಸಲ್ಲಿಸಿದಳು. ಕೇರಿಯಲ್ಲಿ ಗೆದ್ದಷ್ಟೇ ಸಂಭ್ರಮ. ಅವಳಿಗೆ ಮಾತ್ರ ಒಳಗೆ ಏನೋ ಚುಚ್ಚುತ್ತಿತ್ತು. ವಿಚಾರಣೆಯ ಹಿಂದಿನ ದಿನ ಸಹಾಯಕ ಗಜಾನನನನ್ನು ಕರೆದುಕೊಂಡು ಕಾರ್ಖಾನೆಯ ಮ್ಯಾನೇಜರ್ ಪ್ರದೀಪನ ಎದುರು ಹೋಗಿ ಕೂತಳು.

"ಮೈಲುತುತ್ತ ನಿಮ್ಮಲ್ಲಿ ಇದೆಯೋ ಇಲ್ಲವೋ?"

"ಇದೆ ಮೇಡಂ. ಈ ಸೀಮೇಲಿ ಯಾರ ಮನೇಲಿಲ್ಲ? ಅಡಿಕೆಗೆ ಹೊಡೆಯೋರೆಲ್ಲ ಇಟ್ಟಿರ್ತಾರೆ."

"ಹೊಳೆಗೆ ಬಿಟ್ಟಿಲ್ಲ ಅಂತೀರಾ?"

"ಕೇಸು ಗೆಲ್ಲೋ ಹಂತದಲ್ಲಿದ್ವಿ. ಈಗ ಮೀನು ಸಾಯಿಸೋಕೆ ನಮಗೇನು ತಲೆ ಕೆಟ್ಟಿದ್ಯಾ?"

"ಮಳೆಗಾಲದಲ್ಲಿ ಬಿಡೋದು?"

ಪ್ರದೀಪ ನಕ್ಕ. "ಅದನ್ನ ನೀವು ತೋರಿಸ್ಬೇಕು ಮೇಡಂ."

ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು ಸುಪ್ರಿಯಾಗೆ. ಆದರೆ ಅವನ ಮಾತಿನಲ್ಲಿ ಹುರುಳಿತ್ತು. ಹೊರಗೆ ಬಂದು ಪೈಪಿನ ಬಾಯಿಯ ಹತ್ತಿರ ಬಗ್ಗಿ ನೋಡಿದಳು. ಅಲ್ಲಿ ಮೀನುಗಳು ಆರಾಮವಾಗಿ ಓಡಾಡಿಕೊಂಡಿದ್ದವು. ವಿಷ ಮೇಲಿನಿಂದ ಹರಿದು ಬಂದಿದ್ದರೆ ಮೊದಲು ಸಾಯಬೇಕಾದವು ಇವು.

ಅಲ್ಲಿಂದ ನೇರ ದೀಪ್ತಿಯ ಆಸ್ಪತ್ರೆಗೆ.

"ಮೀನಿನ ಹೊಟ್ಟೆಯಲ್ಲಿ ಏನಿತ್ತು?"

"ಅನ್ನ. ಒಂದಿಷ್ಟು ಹುಲ್ಲಿನ ಚೂರು. ಮೀನು ಹುಲ್ಲು ತಿನ್ನೋದು ಇದ್ದದ್ದೇ ಅಂತ ನಾನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ." ದೀಪ್ತಿ ಆ ಚೂರುಗಳನ್ನು ತೆಗೆದಿಟ್ಟಿದ್ದ ಬಾಟಲಿ ತಂದಿಟ್ಟಳು.

ಗಜಾನನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಅವನ ಮುಖ ಕಪ್ಪಿಟ್ಟಿತು.

"ಅಕ್ಕ, ಇದು ಹೊಳೆ ಹುಲ್ಲಲ್ಲ. ದರ್ಭೆ."

ಅವನು ಅಡಿಕೆ ಸೀಮೆಯ ವೈದಿಕರ ಮನೆಯ ಹುಡುಗ. ಅವನ ಕಣ್ಣಿಗೆ ಮೋಸವಾಗುವಂತಿರಲಿಲ್ಲ.

ಸಂಜೆ ಇಬ್ಬರೂ ಗುಡಿಗೆ ಬಂದರು. ಭಟ್ಟರು ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು.

"ಭಟ್ರೇ, ಗ್ರಹಣದ ದಿನ ಮೀನಿಗೆ ಅನ್ನ ಹಾಕಿದ್ದು ಯಾರು?"

"ಗ್ರಹಣದಲ್ಲಿ ನೈವೇದ್ಯನೇ ಇರಲ್ಲ. ಮೀನಿಗೆಲ್ಲಿಂದ ಬರುತ್ತೆ ಅಮ್ಮಾ?"

"ಆದರೂ ಹೊಟ್ಟೇಲಿ ಅನ್ನ ಇತ್ತು. ಆ ಬೆಳಗ್ಗೆ ಗುತ್ಯಮ್ಮನಿಗೆ ನೀರು ಮುಟ್ಟಬೇಡ ಅಂದಿರಿ. ಮಂಜಿನಲ್ಲಿ ಅವಳಿಗೇ ಮೀನು ಕಂಡಿರಲಿಲ್ಲ. ನಿಮಗೆ ಜಗಲಿಯಿಂದ ಕಂಡಿತಾ?"

ಸುಪ್ರಿಯಾ ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟಳು.

"ನಾವೆಲ್ಲ ಇದನ್ನ ಹುಲ್ಲು ಅಂದುಕೊಂಡ್ವಿ. ಗ್ರಹಣದ ಮೈಲಿಗೆ ತಾಗದಿರಲಿ ಅಂತ ಮಾಡಿಟ್ಟ ಅನ್ನದ ಮೇಲೆ ಇಡೋ ದರ್ಭೆ ಇದು. ಕಾರ್ಖಾನೆಯಲ್ಲಿ ಯಾರಿಗೂ ಈ ಪದ್ಧತಿ ಇಲ್ಲ, ಕೇರಿಯಲ್ಲೂ ಇಲ್ಲ. ಈ ಊರಲ್ಲಿ ಅನ್ನದ ಮೇಲೆ ದರ್ಭೆ ಇಡೋ ಮನೆ ಒಂದೇ. ಮೀನು ಕೊಂದವರು ನೀವು, ಭಟ್ರೇ."

ಭಟ್ಟರು ಗಜಾನನನ ಕಡೆ ತಿರುಗಿದರು. "ಬೇರೆ ದಾರಿ ಇತ್ತಿಲ್ಲೆ ತಮಾ," ಎಂದು ಮನೆಮಾತಿನಲ್ಲಿ ಅಂದರು.

"ವಿಷ ಬೆರೆಸೋ ಅನ್ನಕ್ಕೆ ದರ್ಭೆ ಯಾಕೆ ಇಟ್ಟಿರಿ ಭಟ್ರೇ?" ಗಜಾನನ ಕೇಳಿದ.

"ದೇವರ ಮೀನಲ್ವೇನೋ. ಮೈಲಿಗೆ ಅನ್ನ ಹೇಗೆ ಹಾಕಲಿ?"

ಸುಪ್ರಿಯಾಗೆ ಬೈಯಬೇಕೆನಿಸಿತು, ಅಳಬೇಕೆನಿಸಿತು. ಎರಡೂ ಆಗಲಿಲ್ಲ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಸುಮ್ಮನಿದ್ದರೆ ಕೇಸು ಗೆಲ್ಲಬಹುದು, ಸುಳ್ಳಿನ ಮೇಲೆ. ನಾಳೆ ಪ್ರಮಾಣಪತ್ರ ಹಿಂತೆಗೆದುಕೊಂಡರೆ ಅದರ ಜೊತೆಗೆ ಮಳೆಗಾಲದ ಆ ಪೈಪಿನ ಹಳೆಯ ನಿಜವೂ ಕೊಚ್ಚಿಹೋಗುತ್ತದೆ. ಒಂದು ಸುಳ್ಳು ಹೇಳಿದವರ ಇನ್ನೊಂದು ಮಾತನ್ನು ಯಾವ ನ್ಯಾಯಾಧೀಶ ನಂಬುತ್ತಾನೆ?

"ನಾಳೆ ನಾನು ನಿಜ ಹೇಳಲೇಬೇಕು ಭಟ್ರೇ."

"ಹೇಳು. ನನ್ನ ಹೆಸರು ಹೇಳು. ಕೋರ್ಟಲ್ಲಿ ಸತ್ತ ಮೀನು ಕೇಳಿದ್ರು, ಕೊಟ್ಟೆ. ಪೈಪೊಂದನ್ನ ಮುಚ್ಚಿಸು ಸಾಕು."

"ನಿಮ್ಮ ಹೆಸರು ಹೇಳಿದ ಮೇಲೆ ಅದು ಮುಚ್ಚಲ್ಲ."

ಭಟ್ಟರು ಎದ್ದು ಎರಡು ಮೆಟ್ಟಿಲು ಇಳಿದರು. ಹೆಜ್ಜೆಯ ಸಪ್ಪಳಕ್ಕೆ ಉಳಿದಿದ್ದ ಮೀನುಗಳು ಗುಂಪಾಗಿ ಬಂದು ಬಾಯಿ ತೆರೆದವು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಇದ್ದರು.

ಅಷ್ಟರಲ್ಲಿ ಗುತ್ಯಮ್ಮ ಕೊಡ ಹಿಡಿದು ಬಂದಳು. ಅವಳಿಗೆ ಇದೊಂದೂ ಗೊತ್ತಿರಲಿಲ್ಲ.

"ನಾಳೆ ಅಲ್ರಾ ಅಮ್ಮಾ ಕೇಸು? ಈ ಮಳೆಗಾಲಕ್ಕಾದ್ರೂ ಆ ಪೈಪು ನಿಲ್ಲುತ್ತಲ್ರಾ?"

"ಇಲ್ಲ ಗುತ್ಯಮ್ಮ," ಎಂದಳು ಸುಪ್ರಿಯಾ. "ಈ ಮಳೆಗಾಲಕ್ಕೆ ನಿಲ್ಲಲ್ಲ."

ಯಾಕೆ ಅಂತ ಗುತ್ಯಮ್ಮ ಕೇಳಲಿಲ್ಲ. ಹಾಗೆ ಕೇಳಿ ಕೇಳಿ ಅವಳಿಗೂ ಸಾಕಾಗಿತ್ತು. ಬಗ್ಗಿ, ಅದೇ ಗುಂಡಿಯ ನೀರನ್ನು ಕೊಡಕ್ಕೆ ತುಂಬಿಸಿಕೊಂಡು ಕೇರಿಯ ದಾರಿ ಹಿಡಿದಳು.