ಒಂಬತ್ತು ಹೆಸರುಗಳ ಪಕ್ಕದಲ್ಲಿ

"ಮೆಂಟರ್ ಆಗಲಿಕ್ಕೆ ನನಗೆ ಪುರುಸೊತ್ತಿಲ್ಲ. ಬೇರೆ ಯಾರನ್ನಾದರೂ ಕೇಳಿ."

ಮಣಿಪಾಲದ ಕಂಪನಿಯೊಂದರ ಕ್ಯಾಂಟೀನಿನಲ್ಲಿ, ಲ್ಯಾಪ್‌ಟಾಪಿನಿಂದ ತಲೆಯನ್ನೂ ಎತ್ತದೆ ಹೇಳಿದ ಡೆನ್ವರ್.

ಹರ್ಷಿಣಿಯ ಕಿವಿ ಬಿಸಿಯಾಯಿತು. ಕಾಪು ಪೇಟೆಯ ಝೆರಾಕ್ಸ್ ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದಿದ್ದಳು. ಆ ವಾರ ಅವಳು ಕೇಳಿದ ಏಳನೆಯ 'ಪುರುಸೊತ್ತಿಲ್ಲ' ಇದು!

"ಇನ್ನಂಜೆಯಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದು ಯಾವಾಗ ಅಂತ ಯಾವ ಆ್ಯಪೂ ಹೇಳುವುದಿಲ್ಲ. ನಾವು ಮಾಡುವ ಬಸ್ ಟೈಮಿನ ಆ್ಯಪ್ ಹೇಳ್ತದೆ. ನೀವು ಬಂದರೂ ಸರಿ, ಬಾರದಿದ್ದರೂ ಸರಿ!"

ಆಗ ಅವನು ತಲೆ ಎತ್ತಿದ.

'ಎಂಥ ಕಣ್ಣು...' ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು.

"ಎಲ್ಲಿಗೆ ಬರಬೇಕು?" ಕೇಳಿದ ಡೆನ್ವರ್.

ಕೆಲಸಕ್ಕೆ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಇಬ್ಬರೂ ಮೊದಲು ಕಾರ್ಕಳದ ಕಾಲೇಜಿಗೆ ಹೋದರು.

"ಸ್ಟೈಪೆಂಡ್ ಉಂಟಾ ಅಕ್ಕ?" ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು.

"ಇಲ್ಲ."

"ಸರ್ಟಿಫಿಕೇಟ್?"

"ಅದೂ ಇಲ್ಲ."

ಹಾಲ್ ಇಡೀ ನಕ್ಕಿತು. ಹರ್ಷಿಣಿ ನಗು ಮುಗಿಯುವವರೆಗೆ ಕಾದಳು.

"ಇದು ಓಪನ್ ಸೋರ್ಸ್. ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಆದರೆ ನೀವು ಮಾಡಿದ ಪ್ರತಿಯೊಂದು ತಿದ್ದುಪಡಿಯ ಪಕ್ಕದಲ್ಲಿ ನಿಮ್ಮ ಹೆಸರು ಉಳೀತದೆ. ಅದನ್ನು ಯಾರೂ ಅಳಿಸುವುದಿಲ್ಲ. ಇದು ನನ್ನ ಮಾತು."

ಇನ್ನಂಜೆಯಿಂದ ದಿನಾ ಬಸ್ಸಿನಲ್ಲಿ ಬರುವ ಡಿಂಪಲ್ ಮೊದಲು ಎದ್ದಳು. ಕೊನೆಗೆ ಒಂಬತ್ತು ಮಂದಿ ಸಿಕ್ಕಿದರು.

ಎರಡು ತಿಂಗಳು ಅವರು ತಮ್ಮ ತಮ್ಮ ಊರಿನ ಬಸ್‌ಸ್ಟಾಪಿನಲ್ಲಿ, ಬಸ್ಸು ಬಂದ ಸಮಯ ಬರೆದುಕೊಳ್ಳಲು ಪುಸ್ತಕ ಹಿಡಿದು ಕೂತರು. ಮೀನು ಮಾರುವ ಹರ್ಷಿಣಿಯ ಅಮ್ಮ ರತ್ನಾವತಿ ಬುಟ್ಟಿ ಇಳಿಸಿ ನಕ್ಕರು: "ಬೋರ್ಡಿನಲ್ಲಿ ಬರೆದ ಟೈಮು ಬಸ್ಸಿಗೆ ಗೊತ್ತುಂಟಾ ಮಕ್ಕಳೇ? ಕಂಡಕ್ಟರನ್ನು ಕೇಳಿ!"

ಪ್ರತಿ ಆದಿತ್ಯವಾರ ಡೆನ್ವರ್ ಉದ್ಯಾವರದ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಇಸ್ತ್ರಿ ಹಾಕಿದ ಶರ್ಟಿನಲ್ಲೇ ಝೆರಾಕ್ಸ್ ಅಂಗಡಿಗೆ ಬರುತ್ತಿದ್ದ. ಕೋಡ್ ಬರೆಯಲು ಕಲಿಸುವಾಗ ಅವನ ದನಿ ಏರುತ್ತಿರಲಿಲ್ಲ. ಹತ್ತು ಸಲ ತಪ್ಪಿದರೆ ಹನ್ನೊಂದನೆಯ ಸಲ ಹೇಳುತ್ತಿದ್ದ. ಶನಿವಾರ ಬಂತೆಂದರೆ ಹರ್ಷಿಣಿ ಸುಮ್ಮಸುಮ್ಮನೆ ಅಂಗಡಿ ಒರೆಸುತ್ತಿದ್ದಳು...

ಅಂಥದ್ದೇ ಒಂದು ಆದಿತ್ಯವಾರ ಡಿಂಪಲ್ ಅಳುಮುಖ ಮಾಡಿಕೊಂಡು ಬಂದಳು.

"ಅಕ್ಕ, ಅಜ್ಜಿಗೆ ತೋರಿಸಲಿಕ್ಕೆ ನಮ್ಮ ಆ್ಯಪಿನ ಪುಟ ತೆರೆದೆ... ನನ್ನ ಹೆಸರೇ ಇಲ್ಲ. ಯಾರದ್ದೂ ಇಲ್ಲ! ನಿಮ್ಮ ಮಾತು ನಂಬಿ ಬಂದವರು ನಾವು."

ಹರ್ಷಿಣಿ ನೋಡಿದಳು. ಮುನ್ನೂರಕ್ಕೂ ಹೆಚ್ಚು ತಿದ್ದುಪಡಿಗಳು ಕೂಡಿ ಒಂದೇ ಒಂದಾಗಿದ್ದವು. ಪಕ್ಕದಲ್ಲಿ ಒಂದೇ ಹೆಸರು... ಡೆನ್ವರ್!

ಅಷ್ಟರಲ್ಲಿ ಅವನೇ ನಗುತ್ತಾ ಬಂದ. "ನೋಡಿದ್ರಾ? ಎಲ್ಲ ಹರಡಿಕೊಂಡಿತ್ತು. ಕೂಡಿಸಿ ಕ್ಲೀನ್ ಮಾಡಿದೆ. ನಮ್ಮ ಕಂಪನಿಯಲ್ಲಿ ಹೀಗೆಯೇ."

"ಮನೆ ಗುಡಿಸುವಾಗ ಮಕ್ಕಳನ್ನೂ ಗುಡಿಸಿ ಹೊರಗೆ ಹಾಕ್ತೀರಾ ನೀವು?" ಕೇಳಿದಳು ಹರ್ಷಿಣಿ.

ಅವನ ನಗು ಆರಿತು. ಪರದೆ ನೋಡಿದ. ಹೆಸರುಗಳು ಹೋದದ್ದು ಅವನಿಗೆ ಆಗಷ್ಟೇ ಕಂಡದ್ದು.

"ಕಂಪನಿಗೆ ಆರು ವರ್ಷದಿಂದ ಕೋಡ್ ಬರೀತಿದ್ದೇನೆ ಹರ್ಷಿಣಿ. ಅಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲ. ಹೆಸರು ಮುಖ್ಯ ಅಂತ... ನನಗೆ ಹೊಳೆಯಲೇ ಇಲ್ಲ."

"ನಮಗೆ ಇರುವುದು ಅದೊಂದೇ! ಹೋಗಿ ನೀವು."

ಅವನು ಹೋದ. 'ಒಂದು ಮಾತಾದರೂ ಎದುರು ಹೇಳಬಾರದಿತ್ತಾ?' ಎಂದು ಅವಳ ಮನಸ್ಸು ಹೊಯ್ದಾಡಿತು.

ಮುಂದಿನ ಆದಿತ್ಯವಾರ ಡೆನ್ವರ್ ಬರಲಿಲ್ಲ. ಒಂಬತ್ತರಲ್ಲಿ ಐವರೂ ಬರಲಿಲ್ಲ. ಆದರೂ ಹರ್ಷಿಣಿ ಅಂಗಡಿಯ ಶಟರ್ ಎತ್ತಿದಳು. "ನಾಲ್ಕು ಜನ ಸಾಕು. ನಡೀಲಿ!" ಎಂದಳು.

ಮೂರನೆಯ ಆದಿತ್ಯವಾರ ಶಟರ್ ಎತ್ತುವಾಗ ಮೆಟ್ಟಿಲಿನ ಮೇಲೆ ಒಂಬತ್ತೂ ಮಂದಿ ಕೂತಿದ್ದರು.

"ಅಕ್ಕ, ತೆರೆದು ನೋಡಿ!"

ಒಂದೊಂದು ತಿದ್ದುಪಡಿಯೂ ಮರಳಿತ್ತು. ಪಕ್ಕದಲ್ಲಿ ಅವರವರ ಹೆಸರು.

"ಹಳೆಯ ಪ್ರತಿ ನಮ್ಮ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಇದ್ದದ್ದಲ್ವಾ?" ಡಿಂಪಲ್ ಪಿಸುಗುಟ್ಟಿದಳು. "ಡೆನ್ವರ್ ಸರ್ ಒಂಬತ್ತೂ ಮನೆಗೆ ಬಂದು ತೆಗೆದುಕೊಂಡು ಹೋದರು. ಬಸ್ಸಿನಲ್ಲಿ! ನಮ್ಮ ಅಜ್ಜಿಯ ಹತ್ತಿರ ಕ್ಷಮೆ ಕೂಡ ಕೇಳಿದರು."

ರಸ್ತೆಯ ಆಚೆ, ಒಳಗೆ ಬರಲು ಧೈರ್ಯವಿಲ್ಲದೆ ನಿಂತಿದ್ದ ಡೆನ್ವರ್. ಅವಳೇ ದಾಟಿ ಹೋದಳು.

"ಇನ್ನಂಜೆಯಲ್ಲಿ ನನಗೆ ಬಸ್ಸು ತಪ್ಪಿತು," ಅವನು ಮೆಲ್ಲನೆ ಹೇಳಿದ. "ನಮ್ಮ ಪಟ್ಟಿ ನೋಡಿದೆ. ಐದೂ ಹತ್ತಕ್ಕೆ ಅಂತ ಇತ್ತು. ಐದೂ ಹತ್ತಕ್ಕೇ ಬಂತು."

ಅವಳಿಗೆ ನಗು ಬಂತು, ಅಳುವೂ ಬಂತು. "ನಿಮ್ಮ ಹೆಸರು ಎಲ್ಲಿಯೂ ಕಾಣಲಿಲ್ಲ?"

"ನನ್ನದು ಬೇಡ."

"ಬನ್ನಿ ಒಳಗೆ."

ಹರ್ಷಿಣಿ ಕಂಪ್ಯೂಟರಿನ ಮುಂದೆ ಕೂತು ಒಂದು ತಿದ್ದುಪಡಿ ಬರೆದಳು. ಕೆಳಗೆ ತನ್ನ ಹೆಸರು, ಅದರ ಜೊತೆಗೆ ಅವನದ್ದು.

"ಎಂತ ಮಾಡ್ತಿದ್ದೀರಿ?"

"ಒಟ್ಟಿಗೆ ಬರೆದವರ ಹೆಸರು ಒಟ್ಟಿಗೆ ಹಾಕಲಿಕ್ಕೆ ಆಗ್ತದೆ ಅಂತ ನೀವೇ ಅಲ್ವಾ ಕಲಿಸಿದ್ದು?"

ಅವನು ಪರದೆಯ ಹತ್ತಿರ ಬಾಗಿದ. "ಇದು ಬಸ್ಸಿನ ಪಟ್ಟಿಗೆ ಮಾತ್ರವಾ... ಅಲ್ಲ...?"

"ಬರೀ ಪಟ್ಟಿಗೆ ಅಲ್ಲ."

"ನಿಮ್ಮ ಅಮ್ಮ, ನಮ್ಮ ಪಪ್ಪ, ಊರಿನವರು... ಆಗುವುದಿಲ್ಲ ಅಂತಾರೆ."

"ಈ ಆ್ಯಪಿಗೂ ಎಲ್ಲರೂ ಹಾಗೇ ಅಂದಿದ್ದರು."

"ನನಗೂ ಇಷ್ಟ ಹರ್ಷಿಣಿ. ಆ ಕ್ಯಾಂಟೀನಿನ ದಿನದಿಂದ..." ಅವನು ಪರದೆಯತ್ತ ಕೈ ತೋರಿಸಿದ. "ಆದರೆ ನೋಡಿ, ನಾನು ಒಮ್ಮೆ ಅಳಿಸಿದವನು."

ಅವಳು ಅವನ ಕಣ್ಣನ್ನೇ ನೋಡುತ್ತಾ ಎರಡೂ ಹೆಸರು ಉಳಿಸುವ ಗುಂಡಿ ಒತ್ತಿದಳು.

"ಈಗ ಅಳಿಸಿ ನೋಡಿ!"