ಮತ್ತೆ ಬನ್ನಿ ಎನ್ನದ ಅಂಗಡಿ

"ತೀರಿಕೊಂಡಿದ್ದು ಯಾರು ಸಾರ್?"

ಕೀರ್ತನಾ ಕೇಳಿದ್ದು ಬಹಳ ಮೆಲ್ಲಗೆ. ಆದರೂ ಎದುರಿಗೆ ನಿಂತಿದ್ದ ಯುವಕ ಬೆಚ್ಚಿಬಿದ್ದ!

"ಏನಂದ್ರಿ?"

"ಏನೂ ಯೋಚನೆ ಮಾಡ್ಬೇಡಿ ಸಾರ್. ಶಾಮಿಯಾನ ಎಲ್ಲಿಗೆ ಹಾಕ್ಬೇಕು ಹೇಳಿ ಸಾಕು. ಕುರ್ಚಿ, ನೀರಿನ ಡ್ರಮ್, ಎಲ್ಲಾ ನಾವೇ ನೋಡ್ಕೋತೀವಿ."

"ರೀ! ನಮ್ಮನೇಲಿ ಯಾರೂ ಸತ್ತಿಲ್ಲ ರೀ! ನಾನು ಕ್ಯಾಂಪಿಂಗ್ ಕುರ್ಚಿ ತಗೊಳ್ಳೋಕೆ ಬಂದಿದೀನಿ!"

ಕೀರ್ತನಾಳ ಕೈಯಲ್ಲಿದ್ದ ಪೆನ್ನು ಜಾರಿ ಕೆಳಗೆ ಬಿತ್ತು.

'ಅಯ್ಯೋ ದೇವರೇ... ಚೆನ್ನಾಗಿರೋ ಮನೆಗೆ ಶಾಮಿಯಾನ ಕಟ್ಟೋಕೆ ಹೊರಟೆನಲ್ಲ! ನೆಲ ಬಾಯಿ ಬಿಡಬಾರದಾ?'

ತಪ್ಪೆಲ್ಲಾ ಅವಳದ್ದೇ ಎಂದು ಹೇಳುವುದೂ ಕಷ್ಟ. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದ ಹಾಗೆ ಕೆಂಪು ಕಣ್ಣು, ಕೆದರಿದ ಕೂದಲು, ಧೂಳು ಹಿಡಿದ ಅಂಗಿಯಲ್ಲಿ ಬಂದು, "ಮೇಡಂ, ಕುರ್ಚಿ ಬೇಕಿತ್ತು" ಎಂದು ಸೋತ ದನಿಯಲ್ಲಿ ಹೇಳಿದರೆ ಶಾಮಿಯಾನ ಅಂಗಡಿಯವರು ಇನ್ನೇನು ತಿಳಿದುಕೊಳ್ಳಬೇಕು ಹೇಳಿ?

"ಸಾರಿ ಸಾರ್... ನಿಮ್ಮ ಕಣ್ಣು ನೋಡಿ..."

"ಇದಾ? ರಾತ್ರಿಯೆಲ್ಲಾ ವೆಲ್ಡಿಂಗ್ ಮಾಡ್ತಿದ್ದೆ," ಎಂದು ಕಣ್ಣುಜ್ಜಿಕೊಂಡ ಅವನು, ಇದ್ದಕ್ಕಿದ್ದಂತೆ ಜೋರಾಗಿ ನಕ್ಕುಬಿಟ್ಟ. "ನೀವು ಹೇಳಿದ ರೀತಿಗೆ ಒಂದು ಕ್ಷಣ ನಾನೇ ಹೋಗ್ಬಿಟ್ಟಿದೀನೇನೋ ಅನ್ನಿಸ್ತು!"

ಅವಳಿಗೂ ನಗು ಬಂತು. ಆ ನಗುವಿನಲ್ಲಿ ಎದೆಯೊಳಗೆ ಏನೋ ಒಂದು ಜಾಗ ಬಿಟ್ಟು ಜರುಗಿದ್ದು ಮಾತ್ರ ಅವಳಿಗೆ ಆಗ ತಿಳಿಯಲಿಲ್ಲ.

ಬೆಂಗಳೂರಿನ ವಿಜಯನಗರದ ಮಾರುಕಟ್ಟೆ ಬೀದಿಯ ಹಿಂದೆ ನಂಜುಂಡಪ್ಪನವರ ಶಾಮಿಯಾನ ಅಂಗಡಿ. ಅವರ ತಾಯಿ ಮುನಿತಾಯಮ್ಮನ ಕಾಲದಿಂದ ನಡೆದು ಬಂದದ್ದು. ಅರ್ಧ ಅಂಗಡಿಯಲ್ಲಿ ಅಪ್ಪನ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಬಟ್ಟೆಯ ಮಡಿಕೆಗಳು. ಇನ್ನರ್ಧದಲ್ಲಿ ಮಗಳು ಕೀರ್ತನಾ ಹಟ ಮಾಡಿ ತರಿಸಿಟ್ಟ ಮಡಚುವ ಕುರ್ಚಿಗಳು. ವಾರದ ಕೊನೆಗೆ ಟೆಂಟು ಕಟ್ಟಿಕೊಂಡು ಮಂಚನಬೆಲೆ ಡ್ಯಾಮಿನ ಕಡೆ ಹೊರಡುವ ಹುಡುಗರು ಅವನ್ನು ಕೇಳಿಕೊಂಡು ಬರುತ್ತಿದ್ದರು.

ಬಂದವನ ಹೆಸರು ಉದಯಕುಮಾರ್. ಕೆಂಗೇರಿಯ ಒಂದು ಶೆಡ್ಡಿನಲ್ಲಿ ಟೆಂಪೊ ಟ್ರಾವೆಲರ್‌ಗಳನ್ನು ಮೋಟರ್‌ಹೋಮ್ ಮಾಡುವುದು ಅವನ ಕೆಲಸ. ಒಳಗೇ ಹಾಸಿಗೆ, ಒಲೆ, ಸಿಂಕು ಎಲ್ಲಾ ಇರುವ ಗಾಡಿ. ಇಷ್ಟು ದಿನ ಬೇರೆಯವರಿಗೆ ಮಾಡಿಕೊಟ್ಟವನು ಈಗ ಮೊದಲ ಸಲ ತನ್ನದೇ ಗಾಡಿ ಕಟ್ಟುತ್ತಿದ್ದ.

"ಗಾಡಿ ಮುಂದೆ ಹಾಕ್ಕೊಂಡು ಕೂರೋಕೆ ಎರಡು ಕುರ್ಚಿ. ಇದು ಸೂಪರ್ ಆಗಿದೆ, ಇದನ್ನೇ ಕೊಡಿ," ಎಂದು ಜೋಲಿಯಂತೆ ಇಳಿಬಿದ್ದಿದ್ದ ಒಂದು ಕುರ್ಚಿ ತೋರಿಸಿದ.

"ಹಾಗೆಲ್ಲಾ ಕೊಡಲ್ಲ ಸಾರ್. ಮೊದಲು ಕೂತ್ಕೊಳ್ಳಿ. ಕಾಫಿ ಕುಡೀರಿ. ಆಮೇಲೆ ಮಾತು."

ಪಕ್ಕದ ದರ್ಶಿನಿಯಿಂದ ಬೈ-ಟು ಕಾಫಿ ಬಂತು. ಲೋಟ ಖಾಲಿಯಾಗುವವರೆಗೂ ಕುರ್ಚಿಯಲ್ಲಿ ಕೂರದವರಿಗೆ ಕೀರ್ತನಾ ಕುರ್ಚಿ ಮಾರುತ್ತಿರಲಿಲ್ಲ. ಉದಯ್ ಕಾಲು ಚಾಚಿ, ಮಹಾರಾಜನ ಗತ್ತಿನಲ್ಲಿ ಕಾಫಿ ಮುಗಿಸಿದ.

"ಈಗ ಎದ್ದೇಳಿ."

ಅವನು ಎದ್ದ... ಅಲ್ಲ, ಏಳಲು ನೋಡಿದ! ಸೊಂಟ ಒಳಗೇ ಸಿಕ್ಕಿಕೊಂಡಿತ್ತು. ಇನ್ನೊಮ್ಮೆ ತಿಣುಕಿದ. ಕುರ್ಚಿಯೂ ಅವನ ಜೊತೆಗೇ ಎದ್ದು ಬಂತು.

"ಏನ್ರೀ ಇದು! ಬಿಡ್ತಾನೇ ಇಲ್ಲ!"

"ಕೂರೋವಾಗ ಎಲ್ಲಾ ಕುರ್ಚಿನೂ ಸುಖವಾಗೇ ಇರತ್ತೆ ಸಾರ್. ಎದ್ದೇಳೋವಾಗ ಗೊತ್ತಾಗತ್ತೆ," ಎಂದು ನಗು ತಡೆಯುತ್ತಾ ಅವಳು ಕೈ ಕೊಟ್ಟಳು. "ಇದರ ಮುಂದಿನ ಕಂಬಿ ತೊಡೆಗೆ ಒತ್ತತ್ತೆ, ಅರ್ಧ ಗಂಟೆಗೆ ಕಾಲು ಜೋಮು. ಕುರ್ಚಿ ಕಾಲಿನ ತುದಿ ಸಣ್ಣ, ಮರಳಲ್ಲಿ ಹೂತ್ಕೊಳ್ಳತ್ತೆ. ಸ್ವಲ್ಪ ಎತ್ತರದ್ದು, ಬೆನ್ನು ನೇರ ಇರೋದು ನೋಡೋಣ."

"ಆದ್ರೆ ಚಪ್ಪಟೆಯಾಗಿ ಮಡಚ್ಬೇಕು. ಬಾಗಿಲ ಹಿಂದೆ ನಾಲ್ಕೇ ಬೆರಳು ಜಾಗ ಬಿಟ್ಟಿದೀನಿ."

ಅವಳು ಕೈ ಕೊಟ್ಟಿದ್ದು ಅವನನ್ನು ಎಬ್ಬಿಸಲು. ಅವನು ಎದ್ದಾಗಿತ್ತು. ಕೈ ಮಾತ್ರ ಇನ್ನೂ ಅಲ್ಲೇ ಇತ್ತು... ಇಬ್ಬರಿಗೂ ಒಟ್ಟಿಗೇ ನೆನಪಾಗಿ, ಒಟ್ಟಿಗೇ ಬಿಟ್ಟರು.

ಅವತ್ತು ಕುರ್ಚಿ ಕೊಳ್ಳದೇ ಹೊರಟ. "ಜಾಗ ಅಳೆದು ಬರ್ತೀನಿ," ಎಂದ.

ಎಲ್ಲ ಅಂಗಡಿಯವರೂ ಇಂಥ ಹೊತ್ತಿನಲ್ಲಿ ಬಾಯಿ ತುಂಬಾ 'ಬನ್ನಿ' ಎನ್ನುತ್ತಾರೆ. ಕೀರ್ತನಾ ತಲೆಯನ್ನಷ್ಟೇ ಆಡಿಸಿದಳು. ಅವನು ಒಂದು ಕ್ಷಣ ಕಾದು, ಮೆಟ್ಟಿಲಿಳಿದು ಹೋದ.

ಆಮೇಲೆ ಅವನು ಬರತೊಡಗಿದ. ಒಮ್ಮೆ ಟೇಪು ಹಿಡಿದು, ಒಮ್ಮೆ ಕೈ ಒರಗುವ ಕಡೆ ಮೆತ್ತೆ ಇದೆಯೇ ಎಂದು ಕೇಳಲು. ಇನ್ನೊಮ್ಮೆ ಏನು ಕೇಳಲು ಬಂದನೋ ಅವನಿಗೇ ಗೊತ್ತಿರಲಿಲ್ಲ! ಪ್ರತಿ ಸಲ ಕಾಫಿ ಬಂತು. ಪ್ರತಿ ಸಲ "ಬರ್ತೀನಿ" ಎಂದ. ಪ್ರತಿ ಸಲ ಅವಳು ಸುಮ್ಮನಿದ್ದಳು.

ಕೊನೆಗೊಂದು ದಿನ ತನಗೆ ಬೇಕಾದ ಕುರ್ಚಿ ಆರಿಸಿಕೊಂಡು, "ಎರಡನೇದು ನೀವೇ ಕೂತು ನೋಡಿ ಹೇಳಿ. ನಿಮಗೆ ಇಷ್ಟ ಆಗಿದ್ದೇ ಬೇಕು," ಎಂದ.

"ನಂಗಾ? ಕೂರೋದು ಯಾರು?"

"ಅವರಿನ್ನೂ ಒಪ್ಪಿಲ್ಲ. ಒಪ್ಪಿದ ಮೇಲೆ ಹೇಳ್ತೀನಿ."

ಅವಳ ಕೆನ್ನೆ ಬಿಸಿಯಾಯಿತು. ನೀಲಿ ಬಟ್ಟೆಯ ಕುರ್ಚಿಯೊಂದನ್ನು ಬಿಡಿಸಿ ಕೂತಳು. ಪಾದ ನೆಲಕ್ಕೆ ಊರಿತು, ಬೆನ್ನಿಗೆ ಆಸರೆ ಸಿಕ್ಕಿತು, ಕೈಗಳು ತಾವಾಗಿ ಒರಗಿದವು. ಊರವರನ್ನೆಲ್ಲಾ ಕೂರಿಸುವ ಮನೆಯವಳು. ತನಗೆಂದು ಒಂದು ಕುರ್ಚಿ ಆರಿಸಿಕೊಂಡದ್ದೇ ಇರಲಿಲ್ಲ.

"ಇದು..." ಎಂದಳು ಮೆಲ್ಲಗೆ.

ಎರಡೂ ಕುರ್ಚಿಗಳನ್ನು ಮಡಚಿ ಕಂಕುಳಲ್ಲಿ ಹಿಡಿದು ಅವನು ಬಾಗಿಲಲ್ಲಿ ನಿಂತ.

"ಕೀರ್ತನಾ... ಗಾಡಿ ಪೂಜೆ ಆದ ತಕ್ಷಣ ಕಾರವಾರದ ಕಡೆ ಹೊರಡ್ತೀನಿ. ಅಲ್ಲಿಂದ ಊರೂರು ಗಾಡಿ ತೋರಿಸ್ಕೊಂಡು ಹೋಗೋದು. ಯಾವಾಗ ವಾಪಸ್ಸೋ ಗೊತ್ತಿಲ್ಲ. ಒಂದೇ ಒಂದು ಮಾತು ಕೇಳ್ತೀನಿ. ನಾನು ಇಲ್ಲಿಗೆ ಮತ್ತೆ ಬರಲಾ?"

'ಬನ್ನಿ! ಬನ್ನಿ! ಸಾವಿರ ಸಲ ಬನ್ನಿ!' ಎಂದು ಮನಸ್ಸು ಕೂಗಿತು.

ತುಟಿ ಮಾತ್ರ ಬಿಚ್ಚಲಿಲ್ಲ. ಕಣ್ಣು ತುಂಬಿ ಬಂದದ್ದು ಕಾಣಬಾರದೆಂದು ಮುಖ ಆ ಕಡೆ ತಿರುಗಿಸಿದಳು.

ತಿರುಗಿ ನೋಡುವಷ್ಟರಲ್ಲಿ ಬಾಗಿಲು ಖಾಲಿಯಾಗಿತ್ತು.

ಅವಳಿಗೆ ಅಹಂಕಾರ ಎಂದುಕೊಳ್ಳಬೇಡಿ. ಶಾಮಿಯಾನದವರ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಮದುವೆಗೆ ಕುರ್ಚಿ ಕೊಡುವವರೂ ಅವರೇ, ಸಾವಿನ ಮನೆಗೆ ಕೊಡುವವರೂ ಅವರೇ. ಮತ್ತೆ ಬಂದವರು ಯಾವುದಕ್ಕೆ ಬರುತ್ತಾರೋ ಯಾರು ಬಲ್ಲರು! ಅದಕ್ಕೇ ಮುನಿತಾಯಮ್ಮ ಹೊಸ್ತಿಲ ಬಳಿ ನಿಂತು ಎಲ್ಲರಿಗೂ ಹೇಳಿಕೊಟ್ಟಿದ್ದಳು: "ಗಿರಾಕಿಗೆ ಕೈ ಮುಗೀರಿ. ಮತ್ತೆ ಬನ್ನಿ ಅಂತ ಮಾತ್ರ ಅನ್ಬೇಡಿ."

ಕೀರ್ತನಾ ಅದನ್ನು ಒಮ್ಮೆ ಮರೆತಿದ್ದಳು. ಕಾಲೇಜು ಮುಗಿಸಿ ಹೊಸದಾಗಿ ಅಂಗಡಿಗೆ ಕೂತಾಗ, ಮೊಮ್ಮಗನ ನಾಮಕರಣಕ್ಕೆ ಕುರ್ಚಿ ಒಯ್ದ ಹಿಂದಿನ ಬೀದಿಯ ಗೂಳಪ್ಪನವರಿಗೆ ನಗುನಗುತ್ತಾ "ಮತ್ತೆ ಬನ್ನಿ ಅಂಕಲ್!" ಎಂದಿದ್ದಳು. ವಾರ ಕಳೆಯುವುದರೊಳಗೆ ಅವರು ಬಂದರು, ಹೆಂಡತಿಯ ಸಾವಿಗೆ. ಗೂಳಪ್ಪ ಅವಳ ಮಾತನ್ನು ಮರೆತಿದ್ದರು. ಅವಳು ಮರೆಯಲಿಲ್ಲ. ಆವತ್ತಿನಿಂದ ಆ ಎರಡು ಪದ ಅವಳ ಗಂಟಲಲ್ಲೇ ಸತ್ತುಹೋಗಿದ್ದವು.

ಯಾರೋ ಗಿರಾಕಿಗೇ ಹೇಳಲು ಹೆದರುವವಳು, ಪ್ರಾಣವೇ ಆಗಿಬಿಟ್ಟವನಿಗೆ ಹೇಗೆ ಹೇಳಿಯಾಳು?

ದಿನಗಳು ಹೋದವು. ಅವನು ಬರಲಿಲ್ಲ. ದರ್ಶಿನಿಯವನು "ಬೈ-ಟು ಕಳಿಸ್ಲಾ ಅಕ್ಕಾ?" ಎಂದಾಗಲೆಲ್ಲಾ ಅವಳು ಬೇಡವೆಂದು ಕೈಯಾಡಿಸುತ್ತಿದ್ದಳು.

ಆ ಬೆಳಿಗ್ಗೆ ನಂಜುಂಡಪ್ಪ ಅಂಗಡಿ ಮುಂದೆ ನಿಂತು ಅವಸರದಲ್ಲಿ ಹಗ್ಗ ಸುತ್ತುತ್ತಿದ್ದರು.

"ಕೀರ್ತೀ, ಬೇಗ ಕುರ್ಚಿ ಹತ್ತಿಸಮ್ಮ. ಕೆಂಗೇರಿಗೆ ಹೋಗ್ಬೇಕು. ವ್ಯಾನ್ ರೆಡಿ ಮಾಡ್ತಾರಲ್ಲ, ಆ ಶೆಡ್‌ಗೆ."

ಅವಳ ಕೈ ನಿಂತಿತು.

"ಯಾವ... ಯಾರು ಹೇಳಿದ್ದಪ್ಪಾ?"

"ಭೈರೇಶ್ ಅಂತೆ, ಅಲ್ಲೇ ಕೆಲಸ ಮಾಡೋನು. ಫೋನ್ ಮಾಡಿದ್ದ. ಶಾಮಿಯಾನ, ಕುರ್ಚಿ, ಈಗಿಂದೀಗ್ಲೇ ಬೇಕಂತೆ. ಪಾಪ, ದನಿಯೇ ಹೊರಡ್ತಿರ್ಲಿಲ್ಲ."

ಈಗಿಂದೀಗಲೇ!

ಮದುವೆಯವರು ತಿಂಗಳ ಮುಂಚೆ ಬಂದು ಹೇಳುತ್ತಾರೆ. ಗೃಹಪ್ರವೇಶದವರು ವಾರದ ಮುಂಚೆ. ಈಗಿಂದೀಗಲೇ ಬೇಕೆಂದು ಫೋನ್ ಮಾಡುವವರು ಯಾರೆಂದು ಈ ಮನೆಯಲ್ಲಿ ಮಕ್ಕಳಿಗೂ ಗೊತ್ತು.

"ಏನಾಯ್ತು ಅಂತ ಕೇಳಿದ್ರಾ ಅಪ್ಪಾ?"

"ಅದನ್ನ ಯಾರಾದ್ರೂ ಫೋನಲ್ಲಿ ಕೇಳ್ತಾರಾ?"

ಅವಳು ಕುರ್ಚಿಗಳನ್ನು ಅಲ್ಲೇ ಬಿಟ್ಟಳು. ಉದಯ್‌ಗೆ ಫೋನ್ ಮಾಡಿದಳು. ರಿಂಗಾಯಿತು... ಎತ್ತಲಿಲ್ಲ. ಮತ್ತೆ ಮಾಡಿದಳು. ಸ್ವಿಚ್ ಆಫ್!

"ನಾನೂ ಬರ್ತೀನಪ್ಪಾ!"

ಟೆಂಪೊ ದೀಪಾಂಜಲಿ ನಗರ ದಾಟಿ ಮೈಸೂರು ರಸ್ತೆ ಹಿಡಿಯಿತು. ಹಿಂದೆ ಕುರ್ಚಿಗಳು ಗಡಗಡ ಸದ್ದು ಮಾಡುತ್ತಿದ್ದವು.

'ನಾನು ಹೇಳಲೇ ಇಲ್ಲವಲ್ಲ! ಮತ್ತೆ ಬನ್ನಿ ಅನ್ನಲೇ ಇಲ್ಲವಲ್ಲ! ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಿದ್ದೆನಲ್ಲ... ಆದರೂ ಹೀಗಾಯಿತಾ?'

ಅವನು ಕೇಳಿದ್ದು ಒಂದೇ ಮಾತು. ಅದನ್ನೂ ಕೊಡದೆ ಕಳಿಸಿದ್ದಳು.

ಶೆಡ್ಡಿನ ಮುಂದೆ ಜನ ಸೇರಿದ್ದರು. ಕರ್ಪೂರದ ವಾಸನೆ. ಟೆಂಪೊ ಪೂರ್ತಿ ನಿಲ್ಲುವ ಮುಂಚೆಯೇ ಕೀರ್ತನಾ ಹಾರಿ ಇಳಿದು, ಜನರನ್ನು ಸರಿಸಿಕೊಂಡು ಓಡಿದಳು. ನೆಲದ ಮೇಲೆ ಕೆಂಪು ಕಂಡಿತು. ಕಣ್ಣು ಕತ್ತಲಿಟ್ಟಿತು...

ಒಡೆದ ಬೂದುಗುಂಬಳ! ಕುಂಕುಮ!

ತಲೆಯೆತ್ತಿದಳು. ಚೆಂಡುಹೂವಿನ ಹಾರ ಹೊತ್ತ ಬಿಳಿಯ ಗಾಡಿ. ಅದರ ಮುಂದೆ ಬಿಡಿಸಿಟ್ಟ ಎರಡು ಕುರ್ಚಿ. ಗಾಡಿಯ ಹಿಂದಿನಿಂದ ಪ್ರಸಾದದ ತಟ್ಟೆ ಹಿಡಿದು, ಹೊಗೆಗೆ ಕೆಂಪಾದ ಕಣ್ಣುಜ್ಜಿಕೊಳ್ಳುತ್ತಾ ಬಂದವನು... ಉದಯ್!

"ನೀವು... ನೀವು ಬದುಕಿದೀರಾ?"

ತಟ್ಟೆ ಕೈಯಿಂದ ಜಾರುವುದರಲ್ಲಿತ್ತು. "ಮತ್ತೆ ಶುರು ಮಾಡಿದ್ರಾ? ರೀ, ನಮ್ಮಲ್ಲಿ ಯಾರೂ ಸತ್ತಿಲ್ಲ ರೀ!"

ಆ ಮಾತಿಗೆ ಅವಳು ನಗಲಿಲ್ಲ. ಅಷ್ಟೂ ಜನರ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು.

ಹಿಂದಿನಿಂದ ಬಂದ ನಂಜುಂಡಪ್ಪ ಎದೆ ಹಿಡಿದುಕೊಂಡು ನಿಂತಿದ್ದರು. "ಏನಪ್ಪಾ ಭೈರೇಶ, ಪೂಜೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ನೀವು ಕೇಳ್ಲೇ ಇಲ್ವಲ್ಲ ಸಾರ್! ಇಷ್ಟೊಂದು ಜನ ಬರ್ತಾರೆ ಅಂದ್ಕೊಂಡಿರ್ಲಿಲ್ಲ, ಬಿಸಿಲು ಬೇರೆ..." ಎಂದ ಭೈರೇಶ್ ಕಟ್ಟಿದ ಮೂಗಿನಲ್ಲಿ. ಆಮೇಲೆ ಒಂದು ದೊಡ್ಡ ಸೀನು. "ಶೀತ ಸಾರ್, ನಿನ್ನೆಯಿಂದ."

ಉದಯ್ ಅವಳನ್ನು ನೀಲಿ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟ. ಪಕ್ಕದ ಕುರ್ಚಿಯಲ್ಲಿ ತಾನು ಕೂತ.

"ಇವನು ನಿಮ್ಮಂಗಡಿಗೆ ಫೋನ್ ಮಾಡಿದ್ದು ನಂಗೆ ಗೊತ್ತಿಲ್ಲ ಕೀರ್ತನಾ. ನನ್ನ ಫೋನ್ ಚಾರ್ಜಿಲ್ಲದೆ ಗಾಡೀಲಿ ಬಿದ್ದಿದೆ. ಗೊತ್ತಿದ್ರೆ ಬೇಡ ಅಂತಿದ್ದೆ. ಅವತ್ತು ನೀವು ಮುಖ ತಿರುಗಿಸಿದ ಮೇಲೆ, ಮತ್ತೆ ನಿಮಗೆ ತೊಂದರೆ ಕೊಡಬಾರದು ಅಂತ..."

"ತೊಂದರೆಯಾ?" ಅವಳು ಕಣ್ಣೊರೆಸಿಕೊಂಡಳು. ಅಜ್ಜಿಯ ಕಟ್ಟುಪಾಡು, ಗೂಳಪ್ಪನವರ ಹೆಂಡತಿ, ಗಂಟಲಲ್ಲಿ ಸಿಕ್ಕಿಕೊಂಡ ಮಾತು, ಎಲ್ಲವನ್ನೂ ತಡವರಿಸುತ್ತಾ ಹೇಳಿದಳು.

ಉದಯ್ ಬೆಪ್ಪಾಗಿ ಕೇಳುತ್ತಿದ್ದ.

"ಅಂದ್ರೆ... ನಾನು 'ಬರ್ತೀನಿ' ಅಂದಾಗಲೆಲ್ಲಾ..."

"ಇವರು ಯಾವತ್ತೂ ನಮ್ಮಂಗಡಿಗೆ ಬರೋ ಹಾಗಾಗದೇ ಇರ್ಲಿ ಅಂತ ದೇವರನ್ನ ಕೇಳ್ಕೋತಿದ್ದೆ."

"ಅಯ್ಯೋ! ನಾನು ಆ ಒಂದು ಮಾತಿಗೋಸ್ಕರ ಬೇಡದ ಟೇಪು ಹಿಡ್ಕೊಂಡು ಕೆಂಗೇರಿಯಿಂದ ಬರ್ತಿದ್ದೆ ಕಣೇ!"

'ಕಣೇ' ಎಂದದ್ದು ಅವನಿಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು.

"ಈಗ್ಲೂ ಹೇಳಲ್ವಾ?" ಎಂದ ಮೆಲ್ಲಗೆ.

"ಇಲ್ಲ. ಅಂಗಡಿಗೆ ಬರಬೇಡಿ." ಅವಳು ತಲೆಯೆತ್ತಿ, ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟಳು. "ಮನೆಗೆ ಬನ್ನಿ. ಅಪ್ಪನ್ನ ಕೇಳೋಕೆ."

ಉದಯ್ ಕುರ್ಚಿಯಿಂದ ದಡಬಡಿಸಿ ಎದ್ದ.

ಕಂಬ ನೆಡುತ್ತಿದ್ದ ನಂಜುಂಡಪ್ಪನವರ ಸುತ್ತಿಗೆ ಗಾಳಿಯಲ್ಲೇ ನಿಂತಿತ್ತು. ಕೇಳಿಸಿಕೊಂಡಿದ್ದರು! ಮಗಳ ಬಾಯಲ್ಲಿ 'ಬನ್ನಿ' ಎಂಬ ಆ ಪದ ಕೇಳಿ ಎಷ್ಟು ಕಾಲವಾಗಿತ್ತೋ. ಆ ಕಡೆ ತಿರುಗಿ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಕೇಳೋಕೆ ಬರೋನು ಕಾರವಾರಕ್ಕೆ ಹೋಗೋ ಮುಂಚೆ ಬರ್ಲಿ. ನಾನೇನು ಕಾಯ್ಕೊಂಡು ಕೂರಲ್ಲ," ಎಂದು ಗದರಿ, ಕಂಬಕ್ಕೆ ಎರಡು ಏಟು ಜೋರಾಗಿಯೇ ಕೊಟ್ಟರು.

ಬಂದವರ ಊಟ ಮುಗಿದು, ಶಾಮಿಯಾನ ಬಿಚ್ಚಿ, ಟೆಂಪೊ ಹೊರಡುವಾಗ ಬಿಸಿಲು ಇಳಿದಿತ್ತು. ಕೀರ್ತನಾ ನೀಲಿ ಕುರ್ಚಿಯಿಂದ ಎದ್ದಳು. ಎದ್ದೇಳಲು ಯಾವ ಕಷ್ಟವೂ ಆಗಲಿಲ್ಲ, ಮನಸ್ಸಿಗೆ ಮಾತ್ರ ಆಯಿತು.

ಅವಳು ಟೆಂಪೊ ಹತ್ತಿ ಕೂತ ಮೇಲೆ ಉದಯ್ ಕಿಟಕಿಯ ಬಳಿ ಬಂದ.

"ಕೀರ್ತನಾ, ನಮ್ಮದು ಶಾಮಿಯಾನದ ಮನೆ ಅಲ್ಲ. ನಾನು ಹೇಳಬಹುದು ಅಲ್ವಾ?"

"ಏನು?"

"ಮತ್ತೆ ಬನ್ನಿ."

ಅವಳು ಕಿಟಕಿಯ ಮೇಲಿದ್ದ ಅವನ ಕೈಯ ಮೇಲೆ ಕೈಯಿಟ್ಟು ಹೇಳಿದಳು.

"ಬರ್ತೀನಿ. ನನ್ನ ಕುರ್ಚಿ ಮಡಚಿಡಬೇಡಿ."